ಟವೆಲ್ಲಿನ ಕೆಳಗಿನ ಮಾತು

ಬಾಯಿ ತೆರೆಸಿ ಹಲ್ಲು ನೋಡದೆ, ದನದ ದಲಾಲಿಯಾದ ನಾನು ಯಾವ ಎತ್ತಿನ ವಯಸ್ಸನ್ನೂ ಒಪ್ಪಿಕೊಂಡವನಲ್ಲ. ಮಾಲೀಕ ಆಣೆ ಹಾಕಲಿ, ಕಣ್ಣೀರು ತೆಗೆಯಲಿ, ನನ್ನ ಹೆಬ್ಬೆರಳು ಎತ್ತಿನ ಬಾಯೊಳಗೆ ಹೋಗಲೇಬೇಕು. ಮನುಷ್ಯರ ವಿಷಯದಲ್ಲಿ ಈ ಪದ್ಧತಿ ಇಲ್ಲವಲ್ಲ ಎಂಬುದೇ ನನ್ನ ದೊಡ್ಡ ತಕರಾರು. ಇದ್ದಿದ್ದರೆ ಆ ಶುಕ್ರವಾರ ಮುಷರ್ರಫನನ್ನು ಬಾಗಿಲಲ್ಲೇ ನಿಲ್ಲಿಸಿ ಬಾಯಿ ತೆರೆಸುತ್ತಿದ್ದೆ.

ನಮಾಜು ಮುಗಿಸಿ ಮನೆಗೆ ಬಂದರೆ ಆತ ಸೇಬು, ಬಾಳೆಹಣ್ಣು, ಮಿಠಾಯಿ ಡಬ್ಬಿ ಮುಂದಿಟ್ಟುಕೊಂಡು ನನ್ನ ಕುರ್ಚಿಯಲ್ಲಿ ಕೂತಿದ್ದ. ರಾಯಚೂರಿನಲ್ಲಿ ಯಾವ ಚುನಾವಣೆ ಬಂದರೂ ಓಡಾಡುವವನು ಅವನು. ಯಾರ ಪರವಾಗಿ ಓಡಾಡಿದ ಎಂಬುದು ಮಾತ್ರ ಗೆದ್ದವರ ಮೆರವಣಿಗೆಯಲ್ಲಿ ಅವನ ತಲೆ ಕಂಡ ಮೇಲೆಯೇ ಊರಿಗೆ ತಿಳಿಯುತ್ತಿತ್ತು.

"ಚಾಚಾ, ಈ ಸಲ ಎಮ್ಮೆಲ್ಲೆಗೆ ನೀವು ನಿಂದ್ರಬೇಕು. ಪಕ್ಷೇತರ," ಎಂದು ದಖನಿ ಉರ್ದುವಿನಲ್ಲಿ ಶುರು ಮಾಡಿದ. ನಾನು ಬೇಕೆಂದೇ ಕನ್ನಡದಲ್ಲಿ ಉತ್ತರ ಕೊಟ್ಟೆ. ಮನೆಮಾತಿನಲ್ಲಿ ಮಾತಾಡಿದರೆ ಮನಸ್ಸು ಮೆತ್ತಗಾಗುತ್ತದೆ. ವ್ಯಾಪಾರ ಮಾಡುವಾಗ ಅದು ಒಳ್ಳೆಯದಲ್ಲ.

"ನೀನ ಯಾಕ ನಿಂದ್ರಬಾರದು?"

"ನನಗ ಯಾರ್ ಹಾಕ್ತಾರ, ಚಾಚಾ?"

"ಬಂದಾಗಿಂದ ಇದೊಂದು ಖರೇ ಮಾತಾಡಿದಿ ನೋಡು."

ಅವನು ನಕ್ಕ. ಬೈದರೂ ನಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. "ಖರ್ಚಿನ ಚಿಂತಿ ನಿಮಗ ಬ್ಯಾಡ್ರಿ. ನಾವದೀವಿ," ಎಂದ. 'ನಾನಿದ್ದೀನಿ' ಎನ್ನಲಿಲ್ಲ, 'ನಾವಿದ್ದೀವಿ' ಎಂದ. ಆ 'ನಾವು' ಯಾರು ಎಂದು ಕಿಟಕಿಯಿಂದ ನೋಡಿದೆ. ಓಣಿಯ ತಿರುವಿನಲ್ಲಿ, ಮನೆಯಿಂದ ಸ್ವಲ್ಪ ದೂರದಲ್ಲಿ, ಒಂದು ಬಿಳಿ ಕಾರು ನಿಂತಿತ್ತು. ಅದು ಅಕ್ಕಿ ಮಿಲ್ಲಿನ ಸಾಹುಕಾರರ ಕಾರು ಎಂದು ನಮ್ಮ ಓಣಿಯ ಮಕ್ಕಳಿಗೂ ಗೊತ್ತು. ಆ ಸಾಹುಕಾರರು ಈ ಸಲ ತಾವೇ ಚುನಾವಣೆಗೆ ನಿಲ್ಲುತ್ತಿದ್ದರು.

ಲೆಕ್ಕ ಕಷ್ಟದ್ದಲ್ಲ. ನಮ್ಮ ಓಣಿ, ಹಿಂದಿನ ಓಣಿ, ಹಮಾಲರ ಮನೆಗಳು, ಇವ್ಯಾವುವೂ ಸಾಹುಕಾರರಿಗೆ ಮತ ಹಾಕುವ ಜಾಗಗಳಲ್ಲ. ಎಲ್ಲವೂ ಅವರ ಎದುರಾಳಿಗೆ ಹೋಗುತ್ತವೆ. ನಾನು ನಿಂತರೆ ಆ ಮತ ಅರ್ಧ ನನಗೆ ಒಡೆದು ಬರುತ್ತದೆ. ನಾನೂ ಗೆಲ್ಲುವುದಿಲ್ಲ, ಎದುರಾಳಿಯೂ ಗೆಲ್ಲುವುದಿಲ್ಲ. ಸಾಹುಕಾರರು ಆರಾಮಾಗಿ ಬೆಂಗಳೂರಿಗೆ ಹೋಗುತ್ತಾರೆ.

ನನ್ನ ಹೆಸರಾದರೂ ಯಾಕೆ ಎದ್ದಿತು ಎಂದರೆ ನೀರಿನ ಗಲಾಟೆಯಿಂದ. ಹೋದ ಬೇಸಿಗೆಯಲ್ಲಿ ನಳದಲ್ಲಿ ನೀರಿಲ್ಲದೆ ನಮ್ಮ ಹೆಣ್ಣುಮಕ್ಕಳು ಕೊಡ ಇಟ್ಟು ರಸ್ತೆ ಕಟ್ಟಿದ್ದರು. ನಗರಸಭೆಯ ಸಾಹೇಬನೊಬ್ಬ ಬಂದು ನಾಳೆ ಬಿಡ್ತೀವಿ, ನಾಡಿದ್ದು ಬಿಡ್ತೀವಿ ಎನ್ನುತ್ತಿದ್ದ. ನಾನು ಅವನ ಕೈ ಹಿಡಿದು, "ದನದ ಸಂತ್ಯಾಗ ಕೈ ಹಿಡಿದು ಹೇಳಿದ ಮಾತು ತಪ್ಪಾಂಗಿಲ್ಲ. ಈಗ ಹೇಳ್ರಿ," ಎಂದೆ. ಕೈ ಬಿಡಲಿಲ್ಲ. ಬಿಸಿಲಲ್ಲಿ ಇಬ್ಬರೂ ಹಾಗೇ ನಿಂತೆವು. ಸಂಜೆಗೆ ನೀರು ಬಂತು. ಅವತ್ತಿನಿಂದ ಚಹಾದಂಗಡಿಗಳಲ್ಲಿ ನನ್ನ ಮಾತು ಶುರುವಾಗಿತ್ತು. ಸುಳ್ಳೇಕೆ ಹೇಳಲಿ, ಕೇಳಿದಾಗ ನನಗೂ ಖುಷಿಯಾಗುತ್ತಿತ್ತು. ಕನ್ನಡಿಯ ಮುಂದೆ ಟೋಪಿ ಸರಿಮಾಡಿಕೊಳ್ಳುವಾಗ ನಾನೂ ಸ್ವಲ್ಪ ಹೊತ್ತು ಹೆಚ್ಚೇ ನಿಲ್ಲುತ್ತಿದ್ದೆ.

ಮುಷರ್ರಫನಿಗೆ ವಿಚಾರ ಮಾಡುತ್ತೇನೆ ಎಂದು ಹೇಳಿ ಕಳಿಸಿದೆ. ಹಣ್ಣನ್ನು ವಾಪಸ್ ಕಟ್ಟಿಸಿ ಕೊಟ್ಟೆ. ಮಿಠಾಯಿ ಡಬ್ಬಿಯನ್ನು ಮಾತ್ರ ಅಷ್ಟರಲ್ಲಿ ಮೊಮ್ಮಕ್ಕಳು ತೆರೆದುಬಿಟ್ಟಿದ್ದವು.

ಭಾನುವಾರ ತಾಯಣ್ಣ ಬಂದ. ತಾಯಣ್ಣ ನನ್ನ ಹಳೆಯ ಗೆಳೆಯ. ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು, ಹಮಾಲರ ಸಂಘ ಕಟ್ಟಿ, ಮಗಳು ವಿಶಾಖಾಳನ್ನು ಯರಗೇರಾದ ಯೂನಿವರ್ಸಿಟಿಯಲ್ಲಿ ಪಾಠ ಹೇಳುವ ಮಟ್ಟಕ್ಕೆ ಓದಿಸಿದವನು. ಅವನ ಮಾತನ್ನು ನಾನು ಹಲ್ಲು ನೋಡದೆ ನಂಬುತ್ತಿದ್ದೆ, ಅವತ್ತಿನವರೆಗೆ.

"ಲೇ ನಬಿ, ನಿಂದ್ರೋ," ಎಂದ ಕೂತ ಕೂಡಲೇ. "ಹಮಾಲರು ಎಲ್ಲಾ ನಿನ್ನ ಹಿಂದ ಅದಾರ. ಒಮ್ಮೆರ ನಮ್ಮಂಥವ ಒಬ್ಬ ವಿಧಾನಸೌಧ ನೋಡ್ಲಿ."

ಶುಕ್ರವಾರ ಒಬ್ಬ, ಭಾನುವಾರ ಇನ್ನೊಬ್ಬ, ಇಬ್ಬರ ಬಾಯಲ್ಲೂ ಒಂದೇ ಮಾತು. ನನ್ನ ಕಿವಿ ನೆಟ್ಟಗಾಯಿತು.

"ನಿನಗ ಮುಷರ್ರಫ ಸಿಕ್ಕಿದ್ನೇನು?"

"ಸಿಕ್ಕಿದ್ದ. ಅವನೂ ಇದ ಮಾತು ಅಂದ. ನನಗೂ ಬರೋಬ್ಬರಿ ಅನಿಸ್ತು. ಯಾಕ?"

"ಬರೇ ಮಾತಾಡಿ ಹೋದ್ನೋ, ಏನರ ಕೊಟ್ಟು ಹೋದ್ನೋ?"

ತಾಯಣ್ಣ ನನ್ನ ಮುಖವನ್ನೇ ನೋಡಿದ. ತುಂಬಿದ ಚಹಾದ ಕಪ್ಪನ್ನು ಮೆಲ್ಲಗೆ ನೆಲಕ್ಕಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದ. ತಡೆಯಬೇಕಿತ್ತು. ತಡೆಯಲಿಲ್ಲ. ಅಡ್ಡ ಮಾತಿಗೆ ಉತ್ತರ ಕೊಡದೆ ಎದ್ದು ಹೋಗುವವನ ಮೇಲೆ ಅನುಮಾನ ಇನ್ನೂ ಹೆಚ್ಚಾಗುತ್ತದೆ, ನನ್ನ ಬುದ್ಧಿಯೇ ಹಾಗೆ.

"ಎತ್ತಿಗೂ ಮನುಷ್ಯಾಗೂ ಫರಕ್ ಇಲ್ಲೇನ್ರಿ ನಿಮಗ?" ಎಂದಳು ಕುಬ್ರಾ, ನನ್ನ ಹೆಂಡತಿ, ಒಳಗಿನಿಂದ. "ಎಲೆಕ್ಷನ್ ನಕ್ಕೋ, ಬ್ಯಾಡ. ಇನ್ನೂ ನಿಂತಿಲ್ಲ, ಆಗಲೇ ದೋಸ್ತನ ಕಳಕೊಂಡ್ರಿ."

ಆ ಮಾತು ನಾಟಿತು. ಮರುದಿನವೇ ಮುಷರ್ರಫನಿಗೆ ಫೋನು ಮಾಡಿ, ನಿಲ್ಲುವುದಿಲ್ಲ, ಮತ್ತೆ ಈ ಮಾತು ತೆಗೆಯಬೇಡ ಎಂದೆ. ಅವನು ಒಂದಿಷ್ಟೂ ಬಲವಂತ ಮಾಡಲಿಲ್ಲ. "ನಿಮ್ಮ ಮರ್ಜಿ, ಚಾಚಾ," ಎಂದು ಫೋನಿಟ್ಟ. ದನದ ವ್ಯಾಪಾರದಲ್ಲಿ ಅಷ್ಟು ಬೇಗ ಹಿಂದೆ ಸರಿಯುವವನು ಮತ್ತೆ ಬಂದೇ ಬರುತ್ತಾನೆ. ನಲವತ್ತು ವರ್ಷ ಇದೇ ಕಸುಬು ಮಾಡಿದ ನನಗೆ ಅದು ಹೊಳೆಯಬೇಕಿತ್ತು.

ದೇವದುರ್ಗದ ಸಂತೆಗೆ ಬಂದ.

ನಮ್ಮ ಕಸುಬಿನ ಪದ್ಧತಿ ತಿಳಿಯದವರಿಗೆ ಹೇಳಬೇಕು. ದನದ ಸಂತೆಯಲ್ಲಿ ನಾವು ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ದಲಾಲಿ ಕೈ ಚಾಚುತ್ತಾನೆ, ಕೊಳ್ಳುವವನು ಕೈ ಕೊಡುತ್ತಾನೆ, ಕೈಗಳ ಮೇಲೆ ಒಂದು ಟವೆಲ್ ಬೀಳುತ್ತದೆ. ಆಮೇಲೆ ಎಲ್ಲ ಮಾತೂ ಬೆರಳಿನದು. ಒತ್ತಿದ ಬೆರಳು ಎಷ್ಟು, ಬೆಲೆ ಅಷ್ಟು. ಒಪ್ಪದಿದ್ದರೆ ಮುಷ್ಟಿ ಮಡಚಬೇಕು. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದು ಕಾಣುತ್ತದೆ, ಅಷ್ಟೇ. ಕೆಳಗೆ ಏನಾಯಿತು ಎಂದು ದಲಾಲಿ ಹೆಂಡತಿಗೂ ಹೇಳುವುದಿಲ್ಲ. ನಮ್ಮ ಅನ್ನ ಇರುವುದು ಅಲ್ಲೇ. ಬಾಯಿ ಬಿಡುವ ದಲಾಲಿಗೆ ಯಾವ ರೈತನೂ ಕೈ ಕೊಡುವುದಿಲ್ಲ.

"ಚಾಚಾ, ಒಂದು ಜೋಡಿ ಎತ್ತು ಬೇಕಾಗ್ಯಾವ," ಎನ್ನುತ್ತಾ ಮುಷರ್ರಫ್ ನೇರ ನನ್ನ ಮುಂದೆ ನಿಂತು ಕೈ ನೀಡಿದ. ಎತ್ತು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಕೈ ತಾನಾಗಿ ಮುಂದೆ ಹೋಯಿತು. ಇವನಿಗೆ ಎತ್ತು ಯಾಕೆ, ಇವನಿಗೆ ಹೊಲ ಎಲ್ಲಿದೆ ಎಂದು ತಲೆ ಕೇಳುವಷ್ಟರಲ್ಲಿ ಅವನು ತನ್ನ ಹೆಗಲ ಟವೆಲನ್ನು ಇಬ್ಬರ ಕೈ ಮೇಲೂ ಹಾಕಿಬಿಟ್ಟಿದ್ದ. ಟವೆಲ್ ಬಿದ್ದ ಮೇಲೆ ದಲಾಲಿ ಕೈ ಎಳೆದುಕೊಳ್ಳುವಂತಿಲ್ಲ.

ಈಗ ಮುಚ್ಚಿಡಲು ಏನೂ ಉಳಿದಿಲ್ಲ, ಅದಕ್ಕೇ ಹೇಳುತ್ತೇನೆ. ಅವನು ನನ್ನ ಐದೂ ಬೆರಳನ್ನು ಒಟ್ಟಿಗೆ ಒತ್ತಿದ. ಮತ್ತೊಮ್ಮೆ ಒತ್ತಿದ. ಮುಖ ಹತ್ತಿರ ತಂದು, "ಲಕ್ಷದ ಲೆಕ್ಕ. ಎಲೆಕ್ಷನ್ ಅರ್ಜಿ ಹಾಕಾಕ," ಎಂದು ಕಿವಿಯಲ್ಲಿ ಉಸುರಿದ. ನಾನು ಮುಷ್ಟಿ ಮಡಚಿದೆ. ಅವನು ಬಿಡಿಸಿದ, ಇನ್ನೊಮ್ಮೆ ಒತ್ತಿದ. ನಾನು ಅವನ ಬೆರಳು ನೋಯುವ ಹಾಗೆ ಮಡಚಿದೆ. ಆಗ ಅವನು ಟವೆಲ್ ಎತ್ತಿ, ಎದೆ ಮೇಲೆ ಕೈಯಿಟ್ಟು, ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದ: "ಆತು ಚಾಚಾ. ಮಾತು ಮುಗೀತು. ನಾ ಎಲ್ಲಿ ಮುಟ್ಟಿಸಬೇಕೋ ಅಲ್ಲಿ ಮುಟ್ಟಿಸ್ತೀನಿ."

ಒಂದು ಎತ್ತಿನ ಹಗ್ಗವನ್ನೂ ಹಿಡಿಯದೆ ಹೋದ. ಸುತ್ತ ನಿಂತ ರೈತರು, ದಲಾಲಿಗಳು ನನ್ನನ್ನೇ ನೋಡುತ್ತಿದ್ದರು. ಎತ್ತು ಕೈ ಬದಲಾಗದೆ ವ್ಯಾಪಾರ ಮುಗಿದದ್ದನ್ನು ಅವರು ಅವತ್ತು ಮೊದಲ ಸಲ ಕಂಡಿದ್ದರು. ಬೇವಿನ ಮರದ ಹತ್ತಿರ ಒಬ್ಬ ಮೊಬೈಲು ಎತ್ತಿ ಹಿಡಿದು ನಿಂತಿದ್ದ. ದನದ ಫೋಟೋ ತೆಗೆಯುತ್ತಿದ್ದಾನೆ ಎಂದುಕೊಂಡೆ. ಮೂರ್ಖ ನಾನು, ಅವನ ಮೊಬೈಲು ತಿರುಗಿದ್ದ ಕಡೆ ದನವೇ ಇರಲಿಲ್ಲ.

ನಾನು ಬಸ್ಸಿಳಿಯುವುದಕ್ಕೆ ಮುಂಚೆ ಸುದ್ದಿ ರಾಯಚೂರು ಮುಟ್ಟಿತ್ತು. ಬಸ್ ಸ್ಟ್ಯಾಂಡಿನಲ್ಲಿ ಆಟೋದ ಆಸಿಫ್, "ಎಷ್ಟಕ್ಕ ಇಳಿದ್ರಿ ಚಾಚಾ?" ಎಂದ. ಅವನು ಕೇಳುತ್ತಿರುವುದು ಬಸ್ಸಿನ ಮಾತಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮೊಬೈಲು ತೋರಿಸಿದ. ನಾನು, ಮುಷರ್ರಫ್, ನಡುವೆ ಅಲ್ಲಾಡುವ ಟವೆಲ್. ಕೊನೆಗೆ 'ಮಾತು ಮುಗೀತು' ಎಂಬ ಅವನ ದನಿ. ಕೆಳಗೆ ಯಾರೋ ಬರೆದಿದ್ದರು: ಸಾಹುಕಾರರ ಮುಂದೆ ನಿಲ್ಲದಿರಲು ನಬೀಸಾಬ್ ಒಪ್ಪಂದ.

ಓಣಿಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಕಟ್ಟಿಗೆ ಅಡ್ಡೆಯ ಸಿದ್ರಾಮ ಎಂದಿನಂತೆ ನಮಸ್ಕಾರ ಮಾಡಿದ, ಆದರೆ ನಗಲಿಲ್ಲ. ನೀರಿಗಾಗಿ ನನ್ನ ಜೊತೆ ಬಿಸಿಲಲ್ಲಿ ನಿಂತಿದ್ದ ಸರ್ವರಿ ಬೇಗಂ ನನ್ನನ್ನು ಕಂಡು ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡು ಆ ಕಡೆ ತಿರುಗಿದಳು. ಅರವತ್ತು ದಾಟಿದ ಮೇಲೆ ನನ್ನ ಬಳಿ ಇದ್ದದ್ದು ಒಂದು ಹೆಸರು. ಅದನ್ನು ಒಬ್ಬ ಪೋಲಿ ನಡುಹಗಲಲ್ಲಿ, ನನ್ನ ಕೈಯಿಂದಲೇ ಕಿತ್ತುಕೊಂಡು ಹೋಗಿದ್ದ.

ಎಲೆಕ್ಷನ್ ಬ್ಯಾಡ ಎಂದಿದ್ದ ಕುಬ್ರಾ ಈಗ ಪೂರ್ತಿ ತಿರುಗಿ ನಿಂತಿದ್ದಳು. "ನಿಂದರ್ರಿ. ನಾಳಿಗೇ ಅರ್ಜಿ ಹಾಕ್ರಿ. ರೊಕ್ಕ ತಗೊಂಡಿದ್ರ ನಿಂದ್ರತಿದ್ರಾ ಅಂತ ಜನಾನೇ ಕೇಳ್ತಾರ."

"ನೀ ಏನು ನಂಬೀದಿ?"

"ನಾ ನಂಬೀದ್ರ ಓಣಿ ನಂಬ್ತದೇನ್ರಿ?"

ನಂಬಿದ್ದೇನೆ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ರೊಟ್ಟಿಯ ಹಿಟ್ಟು ನಾದುತ್ತಾ ಕೂತಳು. ನಾನು ಅವಳ ಕೈಯನ್ನೇ ನೋಡುತ್ತಾ ಕೂತೆ.

ಅಷ್ಟರಲ್ಲಿ ಮುಷರ್ರಫನ ಫೋನು ಬಂತು. ಅವನ ದನಿಯಲ್ಲಿ ದುಃಖ ತುಂಬಿ ಸೋರುತ್ತಿತ್ತು. "ಯಾರೋ ವಿಡಿಯೋ ಬಿಟ್ಟಾರಂತ ಚಾಚಾ. ನನಗ ಭಾಳ ಬ್ಯಾಸರಾತು. ಈಗ ನೀವು ನಿಂದ್ರೋದೊಂದ ದಾರಿ. ಅರ್ಜಿ ಹಾಕಿದ್ರ ಎಲ್ಲಾರ ಬಾಯಿ ಮುಚ್ತದ."

ಅವನ ಹಲ್ಲು ನನಗೆ ಆಗ ಕಂಡಿತು. ನನ್ನನ್ನು ಚುನಾವಣೆಗೆ ನಿಲ್ಲಿಸಲು ಬಂದವನು, ನಿಲ್ಲಬಾರದೆಂದು ದುಡ್ಡು ಕೊಟ್ಟು ನನ್ನನ್ನು ಕೊಂಡವನ ವೇಷ ಹಾಕಿದ್ದ. ನಾನು ಸುಮ್ಮನಿದ್ದರೆ ಮಾರಿಕೊಂಡವನು. ಮಾರಿಕೊಂಡಿಲ್ಲ ಎಂದು ತೋರಿಸಲು ನಿಂತರೆ, ಅವನಿಗೆ ಬೇಕಾದದ್ದೂ ಅದೇ. ಒಂದು ಪೈಸೆ ಕೊಡದೆ ನನ್ನನ್ನು ಗೂಟಕ್ಕೆ ಕಟ್ಟಿದ್ದ. ಅವನ ಅಪ್ಪ ಅಜ್ಜಂದಿರನ್ನೆಲ್ಲ ನೆನೆದು ನಾಲ್ಕು ಮಾತಾಡಿ ಫೋನು ಇಟ್ಟೆ. ಕುಬ್ರಾ ಕಿವಿ ಮುಚ್ಚಿಕೊಂಡಳು.

ಇನ್ನು ಯಾರ ಹತ್ತಿರ ಹೋಗಲಿ? ತಾಯಣ್ಣನ ಹತ್ತಿರವೇ ಹೋದೆ. ಗೋಪಮ್ಮ, ಅವನ ಹೆಂಡತಿ, ಬಾಗಿಲು ತೆಗೆದು, "ಬರ್ರಿ ಅಣ್ಣಾ," ಎಂದಳು. ಬುದ್ಧನ ಫೋಟೋದ ಕೆಳಗೆ ತಾಯಣ್ಣ ಪೇಪರು ಓದುತ್ತಿದ್ದ. ತಲೆ ಎತ್ತಲಿಲ್ಲ.

"ತಪ್ಪು ಮಾತಾಡಿದೆ ತಾಯಣ್ಣ. ನಿನಗ ಹಂಗ ಕೇಳಬಾರದಿತ್ತು."

"ಕೂಡು," ಎಂದ. ಪೇಪರು ಮಡಚಿದ. "ನಾನೂ ಒಂದು ಹೇಳಿಬಿಡ್ತೀನಿ. ವಿಡಿಯೋ ನೋಡಿದ ಕೂಡಲೆ ಒಂದು ಗಳಿಗಿ ನನಗೂ ಅನಿಸ್ತು, ನಬಿ ತಗೊಂಡ ಅಂತ. ಆಮ್ಯಾಲ ಅನಿಸಲಿಲ್ಲ. ಆದ್ರ ಒಂದು ಗಳಿಗಿ ಅನಿಸ್ತು."

ಕೆನ್ನೆಗೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆದರೂ ಹೇಳಿದನಲ್ಲ, ಬಚ್ಚಿಡಲಿಲ್ಲವಲ್ಲ. ನಾನು ಎಲ್ಲವನ್ನೂ ಅವನ ಮುಂದಿಟ್ಟೆ. ಟವೆಲ್ಲಿನ ಕೆಳಗಿನದನ್ನು ಮಾತ್ರ ಬಿಟ್ಟು. ಬಾಯಿಯವರೆಗೆ ಬಂತು, ಹೊರಗೆ ಬರಲಿಲ್ಲ.

"ಕೆಳಗ ಏನು ನಡೀತು?"

"ಅದು ಹೇಳಾಂಗಿಲ್ಲೋ. ನಿನಗ ಗೊತ್ತದಲ್ಲ."

ಅವನಿಗೆ ಸಿಟ್ಟು ಬಂತು. "ಹೇಳಿದ್ರ ಕಸುಬು ಹೋಗ್ತದ. ಹೇಳಲಿಲ್ಲಂದ್ರ ಹೆಸರು ಹೋಗ್ತದ. ನಿಂತಿ ಅಂದ್ರ ಸಾಹುಕಾರ ಗೆಲ್ತಾನ, ನಮ್ಮ ಓಣಿಗೆ ಇನ್ನ ಐದು ವರ್ಷ ನೀರಿಲ್ಲ. ಯಾವುದು ಬೇಕು ಆರಿಸ್ಕೋ. ಎಲ್ಲಾನೂ ಉಳಿಸ್ಕೊಳ್ಳಾಕ ಆಗಾಂಗಿಲ್ಲ ನಬಿ, ಈ ಸಲ ಆಗಾಂಗಿಲ್ಲ."

"ನೀ ಆಗಿದ್ರ?"

"ನನ್ನ ಕೇಳಬ್ಯಾಡ. ನಾಳೆ ನನ್ನ ಮ್ಯಾಲೂ ಅನುಮಾನ ಪಡ್ತಿ," ಎಂದ. ಗೋಪಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನನಗೂ ನಗು ಬಂತು. ಕಣ್ಣಲ್ಲಿ ನೀರೂ ಬಂತು.

ಮುಂದಿನ ಸಂತೆ ಮಾನ್ವಿಯದು. ನಾನು ಹೋಗುವ ಹೊತ್ತಿಗೆ ಎತ್ತುಗಳು ಸಾಲಾಗಿ ನಿಂತಿದ್ದವು. ಹಿರೇಕೊಟ್ನೆಕಲ್ಲಿನ ರೈತ ವೆಂಕೋಬ ತನ್ನ ಬಿಳಿ ಜೋಡಿ ಹಿಡಿದು ನನ್ನ ಜಾಗದಲ್ಲೇ ಕಾಯುತ್ತಿದ್ದ. ಅವನ ಅಪ್ಪನ ಕಾಲದಿಂದ ಆ ಮನೆಯ ಎತ್ತು ಮಾರಿದ್ದೂ ನಾನೇ, ಕೊಂಡದ್ದೂ ನಾನೇ. ಊರಲ್ಲಿ ಅಷ್ಟೆಲ್ಲ ಆದ ಮೇಲೂ ಅವನು ಅಲ್ಲಿ ನಿಂತಿರುವುದನ್ನು ಕಂಡು ನನಗೆ ಧೈರ್ಯ ಬಂತು.

ದನ ನೀರು ಕುಡಿಯುವ ಕಲ್ಲು ಬಾನಿಯ ಕಟ್ಟೆ ಹತ್ತಿದೆ. ದಲಾಲಿಗಳು, ರೈತರು ಎಲ್ಲರೂ ತಿರುಗಿದರು. ಮೊಬೈಲುಗಳು ಎದ್ದವು. ಏಳಲಿ ಎಂದೇ ನಾನು ಕಾದೆ.

"ಕೇಳ್ರಪ್ಪಾ," ಎಂದೆ. "ದೇವದುರ್ಗದ ಸಂತ್ಯಾಗ ಟವೆಲ್ ಕೆಳಗ ಏನಾತು ಅಂತ ಹೇಳ್ತೀನಿ."

ನನ್ನ ಜೊತೆಗೇ ಈ ಕಸುಬಿಗೆ ಬಂದ ದಲಾಲಿ ಮುಜಾಹಿದ್ ಮುಂದೆ ಬಂದು, "ನಕ್ಕೋ ನಬಿಭಾಯ್. ಬ್ಯಾಡ. ಇದು ನಮ್ಮೆಲ್ಲಾರ ಅನ್ನ," ಎಂದ. ಆದರೂ ನಾನು ಹೇಳಿದೆ. ಮುಷರ್ರಫ್ ಐದು ಬೆರಳು ಒತ್ತಿದ್ದು, ಕಿವಿಯಲ್ಲಿ ಅಂದದ್ದು, ನಾನು ಮುಷ್ಟಿ ಮಡಚಿದ್ದು, ಬೆರಳು ಬೆರಳಾಗಿ ಹೇಳಿದೆ. "ಅವ ಬಂದಿದ್ದು ನಿಂದ್ರಬ್ಯಾಡ ಅನ್ನಾಕಲ್ಲ, ನಿಂದ್ರು ಅನ್ನಾಕ. ನಮ್ಮ ಮಂದಿ ಓಟು ಒಡಿಯಾಕ. ನಾ ತಗೊಂಡಿಲ್ಲ. ನಾ ನಿಂದ್ರಾಂಗಿಲ್ಲ. ನನ್ನ ಹೆಸರಿನ ಮ್ಯಾಲ ಯಾರೂ ಯಾರಿಗೂ ಏನೂ ಕೊಡಬ್ಯಾಡ್ರಿ, ಇಸ್ಕೋಬ್ಯಾಡ್ರಿ."

ಕಟ್ಟೆಯಿಂದ ಕೆಳಗಿಳಿದೆ. ಸ್ವಲ್ಪ ಹೊತ್ತಿಗೆ ತಾಯಣ್ಣನ ಫೋನು ಬಂತು. ರಾಯಚೂರಿಗೆ ವಿಡಿಯೋ ಮುಟ್ಟಿತ್ತು. ಚಹಾದಂಗಡಿಯಲ್ಲಿ ಜನ ಮುಷರ್ರಫನನ್ನು ಹುಡುಕುತ್ತಿದ್ದಾರೆ, ಸರ್ವರಿ ಬೇಗಂ ನಿಮ್ಮ ಮನೆಗೇ ಹೋಗಿ ಕುಬ್ರಾಳ ಕೈ ಹಿಡಿದು ಅತ್ತಳಂತೆ ಎಂದ. ಕುಬ್ರಾ ಏನಂದಳು ಎಂದು ಕೇಳಿದೆ. 'ನನಗ ಮೊದಲ ಗೊತ್ತಿತ್ತು' ಅಂದಳಂತೆ. ಇರಲಿ, ಹೆಂಡತಿಯ ಮಾತಿನ ಹಲ್ಲು ನೋಡಲು ಹೋಗಬಾರದು.

ಖುಷಿಯಲ್ಲಿ ವೆಂಕೋಬನ ಕಡೆ ಬಂದೆ. ಕೈ ಚಾಚಿದೆ. "ತಾ, ವೆಂಕೋಬ. ಜೋಡಿಗೆ ಎಷ್ಟು ಹೇಳೋಣು?"

ಅವನು ಹಗ್ಗವನ್ನು ಈ ಕೈಯಿಂದ ಆ ಕೈಗೆ ತಗೊಂಡ. ನೆಲ ನೋಡಿದ. "ಸಾಬ್ರ, ನಿಮ್ಮ ಮಾತು ಪೂರಾ ನಂಬೀನ್ರಿ," ಎಂದ. ಆದರೆ ಕೈ ಕೊಡಲಿಲ್ಲ. ಎತ್ತುಗಳನ್ನು ಹೊಡೆದುಕೊಂಡು ಮುಜಾಹಿದನ ಕಡೆ ಹೋದ. ಅವರ ಕೈ ಮೇಲೆ ಟವೆಲ್ ಬಿತ್ತು. ನಾನು ಬೇರೆ ಕಡೆ ನೋಡಿದೆ. ಆ ಬಿಳಿ ಜೋಡಿಗೆ ನಾನಾಗಿದ್ದರೆ ಇನ್ನೂ ಹೆಚ್ಚು ಕೊಡಿಸುತ್ತಿದ್ದೆ ಎಂದು ವಾಪಸ್ ಬರುವಾಗಿನ ವೆಂಕೋಬನ ಮುಖ ನೋಡಿಯೇ ನನಗೆ ತಿಳಿಯಿತು.

ಅವನು ನನ್ನನ್ನು ಬಿಟ್ಟು ಹೋಗಲಿಲ್ಲ, ಅದನ್ನೂ ಹೇಳಬೇಕು. ಎರಡು ಚಹಾ ತಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ನಮ್ಮೂರು ಮಾನ್ವಿ ಕ್ಷೇತ್ರಕ್ಕ ಬರ್ತದ, ಇಲ್ಲಂದ್ರ ನಿಮಗ ಓಟು ಹಾಕ್ತಿದ್ದೆ ನೋಡ್ರಿ. ನಿಮ್ಮಂಥವ್ರು ಎಮ್ಮೆಲ್ಲೆ ಆಗಬೇಕು. ಯಾಕ ನಿಂದ್ರಾಂಗಿಲ್ಲ ಅಂದ್ರಿ?"

ನನಗೆ ತಡೆಯಲಾಗಲಿಲ್ಲ. "ಏನೋ ವೆಂಕೋಬ, ನನ್ನ ಕೈಯಾಗ ರಾಜ್ಯ ಕೊಡ್ತಿ, ಎರಡು ಎತ್ತು ಕೊಡಾಂಗಿಲ್ಲೇನು?"

ಅವನು ಚಹಾ ಊದಿದ. ಸ್ವಲ್ಪವೂ ಕುಹಕವಿಲ್ಲದೆ, ಪ್ರೀತಿಯಿಂದಲೇ ಹೇಳಿದ: "ರಾಜ್ಯ ಎಲ್ಲಾರ್ದೂ ಅದರೀ ಸಾಬ್ರ. ಎತ್ತು ನನ್ನವು."

ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅವನು ಕೊಡಿಸಿದ ಚಹಾ ಕುಡಿದು, ಮಧ್ಯಾಹ್ನದ ಬಸ್ಸಿಗೇ ರಾಯಚೂರಿಗೆ ಹೊರಟೆ.